ಟೂಂಗಾಬಿಯಲ್ಲಿ ಹಲ್ಲಿ ನುಡಿದ ಸಂಜೆ

ಶಕುನ, ಅಪಶಕುನ ಎಂದರೆ ನನಗೆ ಮೊದಲಿನಿಂದಲೂ ನಗು. ಬೆಕ್ಕು ಅಡ್ಡ ಬಂದರೆ ಪಾಪ, ಅದಕ್ಕೂ ಏನೋ ಕೆಲಸವಿರುತ್ತದೆ ಎನ್ನುವ ಜಾತಿ ನನ್ನದು. ಹಾಗಾಗಿ ಇದನ್ನು ನೀವು ನಂಬಲೇಬೇಕೆಂದು ನನ್ನ ಒತ್ತಾಯವೇನೂ ಇಲ್ಲ. ನಾನೇ ಎಷ್ಟು ನಂಬುತ್ತೇನೋ ತಿಳಿಯದು.

ಆಗ ನಾವು ಸಿಡ್ನಿಯ ಟೂಂಗಾಬಿಯಲ್ಲಿ ಒಂದು ಯೂನಿಟ್, ಅಂದರೆ ಫ್ಲ್ಯಾಟು, ರೆಂಟಿಗೆ ಹಿಡಿದಿದ್ದೆವು. ಎದುರು ಬಾಗಿಲಲ್ಲಿ ನೈಜೀರಿಯಾದ ಗ್ರೇಸ್ ಎಂಬ ನರ್ಸ್ ಇದ್ದಳು. ಅವಳ ಅಣ್ಣ ಊರಲ್ಲಿ ಶಾಸನಸಭೆಗೆ ನಿಂತು ಸೋತಿದ್ದ. ಸೋತ ಎನ್ನುವುದೂ ತಪ್ಪು. ಮತಪೆಟ್ಟಿಗೆಯೇ ಹೋಗದ ಹಳ್ಳಿಗಳಲ್ಲಿ ಎದುರಾಳಿಗೆ ರಾಶಿ ರಾಶಿ ಓಟು ಬಿದ್ದಿದ್ದವು. ಅಣ್ಣ ಚುನಾವಣಾ ಟ್ರಿಬ್ಯೂನಲ್‌ಗೆ ಹೋಗಿ ಗೆದ್ದ. ಎದುರಾಳಿ ಅಪೀಲು ಹಾಕಿದ. ಅಷ್ಟರಲ್ಲಿ ಅಣ್ಣನ ಪರ ಸಾಕ್ಷಿ ಹೇಳಿದ್ದವನ ಮನೆಗೆ ಬೆಂಕಿ ಬಿತ್ತು. ತೀರ್ಪು ಕೇಳಲು ಬಂದರೆ ನೀನು ಮನೆ ಮುಟ್ಟುವುದಿಲ್ಲ ಎಂದು ಅಣ್ಣನಿಗೂ ಯಾರೋ ಹೇಳಿ ಕಳಿಸಿದರು.

ಗ್ರೇಸ್‌ಗೆ ಪದವಿ ಬೇಕಿರಲಿಲ್ಲ, ಅಣ್ಣ ಬೇಕಿದ್ದ. ಕೋರ್ಟಿಗೆ ಹೋಗಬೇಡ, ವಕೀಲರು ಹೋದರೆ ಸಾಕು ಎಂದು ಅವನಿಗೆ ಫೋನ್ ಮಾಡಿ ಬೇಡಿಕೊಳ್ಳಲು ತೀರ್ಪಿನ ದಿನ ನಮ್ಮ ಮನೆಗೆ ಬಂದಳು. ಅವಳ ಫೋನು ಕೆಟ್ಟಿತ್ತು. ಇಲ್ಲಿ ಸಂಜೆ, ಅಲ್ಲಿ ಬೆಳಗು. ಜೂನ್ ತಿಂಗಳ ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ಧಾರವಾಡದಿಂದ ಬಂದಿದ್ದ ನಮ್ಮವ್ವ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

ಕಾಲಿಂಗ್ ಕಾರ್ಡಿನಲ್ಲಿ ಲೈನು ಸಿಕ್ಕಿತು. ಸ್ಪೀಕರಿನಲ್ಲಿ ಅಣ್ಣನ ನಗು. "ಹೆದರಬೇಡ. ತೀರ್ಪು ಕೇಳಿ ಸೀದಾ ಮನೆಗೆ ಬರ್ತೀನಿ, ಊಟಕ್ಕೆ ಮನೇಲೇ ಇರ್ತೀನಿ" ಎಂದ, ಇಂಗ್ಲಿಷಿನಲ್ಲಿ.

ಲೊಚ್ ಲೊಚ್ ಎಂದು ಹಲ್ಲಿ ನುಡಿಯಿತು.

ಅವ್ವ ಬೆರಳ ಗೆಣ್ಣಿನಿಂದ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಎಂದಳು. ಹಲ್ಲಿ ಉತ್ತರದಿಂದ ನುಡಿದರೆ ಆಡಿದ ಮಾತು ನಿಜವಾಗುತ್ತದೆ, ದಕ್ಷಿಣದಿಂದ ನುಡಿದರೆ ಕೇಡು ಎಂಬುದು ಅವಳ ಲೆಕ್ಕ. ಅವನೇನೆಂದ ಎಂದು ಕೇಳಿ ತಿಳಿದುಕೊಂಡು, "ಉತ್ತರದ ಗ್ವಾಡಿಂದ ನುಡದೈತಿ. ಛಲೋ ಆತು. ಹೋಗಲಿ ಅನ್ನು ಆಕಿಗೆ. ಮನಿಗೆ ಬಂದ ಬರ್ತಾನ" ಎಂದಳು. ನಾನು ನಗುತ್ತಲೇ ಅದನ್ನು ಗ್ರೇಸ್‌ಗೆ ತಿಳಿಸಿದೆ. ಅವಳು ನಗಲಿಲ್ಲ. ಅವ್ವನ ಮುಖವನ್ನೇ ನೋಡಿದಳು. ಬೇಡ ಎನ್ನಲು ಬಂದವಳು "ಹೋಗಿ ಬಾ" ಎಂದುಬಿಟ್ಟಳು.

ಅಣ್ಣ ಗೆದ್ದ. ಕೋರ್ಟಿನ ಮೆಟ್ಟಿಲ ಮೇಲಿಂದ ಹೆಂಡತಿಗೆ ಫೋನ್ ಮಾಡಿ ಹೊರಟೆ ಎಂದನಂತೆ. ದಾರಿಯಲ್ಲಿ ಅವನ ಕಾರು ಸಿಕ್ಕಿತು, ಬಾಗಿಲು ತೆರೆದೇ ಇತ್ತು. ಅವನು ಇವತ್ತಿನವರೆಗೂ ಸಿಕ್ಕಿಲ್ಲ.

ಆ ಚಳಿಯಲ್ಲಿ ನಮ್ಮ ಮನೆಗೆ ಹಲ್ಲಿ ಎಲ್ಲಿಂದ ಬರಬೇಕು? ಫ್ರಿಜ್ಜಿನ ಹಿಂದೆ, ಗಡಿಯಾರದ ಹಿಂದೆ, ಎಲ್ಲ ಕಡೆ ಹುಡುಕಿದೆ. ಅದಕ್ಕೆ ಮೊದಲಾಗಲಿ ಆಮೇಲಾಗಲಿ ಆ ಮನೆಯಲ್ಲಿ ಒಂದು ಹಲ್ಲಿಯನ್ನೂ ನಾವು ಕಂಡಿಲ್ಲ. ಅಲ್ಲಿನ ಹಲ್ಲಿಯ ಸದ್ದೇ ಫೋನಿನಲ್ಲಿ ಕೇಳಿಸಿರಬೇಕು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಫೋನ್ ಇಡುವ ಮೊದಲು ಅವನೇ ತಂಗಿಯನ್ನು ಕೇಳಿದ್ದ: "ನಿಮ್ಮಲ್ಲೂ ಗೋಡೆ ಹಲ್ಲಿ ಇವೆಯಾ? ಇಲ್ಲಿಯವರೆಗೂ ಕೇಳಿಸ್ತು."

ಇನ್ನೊಂದು ಮಾತಿದೆ. ಆ ಯೂನಿಟ್‌ನಿಂದ ಸೂರ್ಯ ಹುಟ್ಟುವುದು ಕಾಣುತ್ತಿರಲಿಲ್ಲ. ಚಳಿಗಾಲದಲ್ಲಿ ಬಿಸಿಲು ಬೀಳುವ ಕಡೆ ದಕ್ಷಿಣ ಎಂದು ಧಾರವಾಡದ ರೂಢಿಯಂತೆ ಅವ್ವ ದಿಕ್ಕು ಗುರುತಿಟ್ಟುಕೊಂಡಿದ್ದಳು. ಈ ದೇಶದಲ್ಲಿ ಸೂರ್ಯ ಉತ್ತರಕ್ಕೆ ವಾಲಿ ನಡೆಯುತ್ತಾನೆ. ಅವಳು ಉತ್ತರ ಎಂದಿದ್ದು ದಕ್ಷಿಣದ ಗೋಡೆ. ಇದು ನನಗೆ ಹೊಳೆದದ್ದು ಅವಳು ಊರಿಗೆ ಹೋದ ಮೇಲೆ.

ಗ್ರೇಸ್ ಈಗ ಮೆಲ್ಬರ್ನ್‌ನಲ್ಲಿದ್ದಾಳೆ. ಆಗಾಗ ಫೋನ್ ಮಾಡಿ, ಅವ್ವನ ಆರೋಗ್ಯ ವಿಚಾರಿಸಿ, ಕೊನೆಗೆ ಒಂದೇ ಮಾತು ಕೇಳುತ್ತಾಳೆ.

"ಬಂದೇ ಬರ್ತಾನೆ ಅಂದಿದ್ರು ನಿಮ್ಮಮ್ಮ. ಯಾವಾಗ ಅಂತ ಹೇಳಿರಲಿಲ್ಲ, ಅಲ್ವಾ?"