ಸುಮಿನೊ ಕೇಳಿದ ಕಡ್ಡಿಯ ಕಥೆ

ಉಜಾಕಿ ಮೇಷ್ಟ್ರು ಪತ್ರಿಕೆಯ ಕರಡು ಪ್ರತಿಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಟೋಸ್ಟಿನ ತಟ್ಟೆ ಇಟ್ಟರು. ಸುಮಿನೊ ಹೊರಿಬೆ ಅದನ್ನು ತಿಂಡಿ ಮುಗಿಯುವ ಮೊದಲೇ ಓದುವುದು ಅವರಿಗೆ ಬೇಕಿರಲಿಲ್ಲ. ಸುಮಿನೊ ತಟ್ಟೆ ಎತ್ತಿ ಮೇಷ್ಟ್ರ ಕೈಗೇ ಕೊಟ್ಟು, ಕನ್ನಡಕ ಹಾಕಿಕೊಂಡು ಓದಿದರು.

‘ಪ್ರಶ್ನೆ 41. ಕಡ್ಡಿಯ ಕಥೆ. ಹನ್ನೊಂದು ವರ್ಷ ಹುಡುಕಿದ್ದಾಯಿತು. ಇಂಥ ಕಥೆ ಎಲ್ಲೂ ಅಚ್ಚಾಗಿಲ್ಲ. ಓದಿ ಹೇಳಿದಳೆನ್ನಲಾದ ಗಿರಣಿಯ ಹುಡುಗಿ ತಾನೇ ಕಟ್ಟಿ ಹೇಳಿದ್ದಿರಬೇಕು. ಮುಕ್ತಾಯ.’

“ಏನ್ ಮೇಷ್ಟ್ರೇ ಇದು?”

“ಮುನ್ನೂರನೇ ಸಂಚಿಕೆ ಅಲ್ವೇನಮ್ಮಾ. ಹಳೇ ಪ್ರಶ್ನೆಗಳನ್ನೆಲ್ಲ ಮುಗಿಸಿಬಿಡೋಣ ಅಂತ.”

“ನಂದು ಮುಗಿದಿಲ್ಲ.”

“ಹನ್ನೊಂದು ವರ್ಷ ಸಿಗಲಿಲ್ಲ ಅಂದ್ರೆ ಇಲ್ಲ ಅಂತ ತಾನೇ ಅರ್ಥ?”

“ನಿಮಗೆ ಸಿಗಲಿಲ್ಲ ಅಂತ ಬರೀರಿ, ಬೇಡ ಅನ್ನಲ್ಲ. ನಮಿಯೆ ಸುಳ್ಳು ಹೇಳಿದ್ಲು ಅಂತ ಬರೆಯೋಕೆ ನೀವ್ಯಾರು? ಅವಳ ಮುಖಾನಾದ್ರೂ ನೋಡಿದೀರಾ?”

ಬಳಗದ ಉಳಿದ ಆರು ಮಂದಿ ತಂತಮ್ಮ ಕಾಫಿ ಬಟ್ಟಲು ನೋಡುತ್ತ ಕುಳಿತರು. ಇಚಿನೊಮಿಯಾ ಊರಿನ ಆ ಕಾಫಿ ಅಂಗಡಿಯಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಎಂಟಕ್ಕೆ ಸೇರುವ ಈ ಬಳಗಕ್ಕೆ ವಿಜ್ಞಾನ ಕಥೆಗಳೆಂದರೆ ಪ್ರಾಣ. ಅವರ ಪುಟ್ಟ ಪತ್ರಿಕೆಯಲ್ಲಿ ಒಂದು ಅಂಕಣವಿದೆ. ಎಂದೋ ಓದಿದ ಕಥೆಯೊಂದು ಅರೆಬರೆ ನೆನಪಿದ್ದು, ಹೆಸರು ಮರೆತುಹೋಗಿದ್ದರೆ, ನೆನಪಿದ್ದಷ್ಟನ್ನು ಬರೆದು ಕಳಿಸಬಹುದು. ಬಳಗದವರು ಹುಡುಕಿ ಹೇಳುತ್ತಾರೆ. ಹುಡುಕುವ ಕೆಲಸದ ಮುಕ್ಕಾಲು ಪಾಲು ಉಜಾಕಿ ಮೇಷ್ಟ್ರದು. ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಮನೆಯಲ್ಲಿ ಹನ್ನೊಂದು ಸಾವಿರ ಕಾರ್ಡುಗಳಿವೆ. ಒಂದೊಂದು ಕಾರ್ಡಿನಲ್ಲಿ ಒಂದೊಂದು ಕಥೆ, ಶೀರ್ಷಿಕೆಯ ಉಚ್ಚಾರದ ಪ್ರಕಾರ ಅಕ್ಷರ ಅಕ್ಷರವಾಗಿ ಜೋಡಿಸಿದ್ದು. ‘ನನ್ನ ಪೆಟ್ಟಿಗೆಯಲ್ಲಿ ಇಲ್ಲದ್ದು ಜಪಾನಿನಲ್ಲಿ ಇಲ್ಲ’ ಎಂದು ಅವರು ಒಮ್ಮೆ ಹೇಳಿದ್ದರು. ಯಾರೂ ಅಲ್ಲಗಳೆದಿರಲಿಲ್ಲ.

“ಮುಂದಿನ ಭಾನುವಾರ ಅಚ್ಚಿಗೆ ಹೋಗತ್ತೆ,” ಎಂದರು ಮೇಷ್ಟ್ರು. “ಅಷ್ಟರೊಳಗೆ ಏನಾದ್ರೂ ಸಿಕ್ಕಿದ್ರೆ ತನ್ನಿ.”

“ತರ್ತೀನಿ.”

“ಎಲ್ಲಿಂದ ತರ್ತೀರಿ?”

“ಅದು ನನ್ನ ಚಿಂತೆ. ನೀವು ಟೋಸ್ಟ್ ತಿನ್ನಿ, ಆರಿಹೋಗ್ತಿದೆ.”

ಹಾಗೆಂದು ಎದ್ದುಬಂದರೇ ಹೊರತು, ಎಲ್ಲಿಂದ ತರುವುದೆಂದು ಸುಮಿನೊಗೂ ತಿಳಿದಿರಲಿಲ್ಲ.

ಗಿಫುವಿನ ಬೆಟ್ಟದ ಹಳ್ಳಿಯಿಂದ ಅವರು ಈ ಊರಿಗೆ ಬಂದಾಗ ಹದಿನೈದು ವರ್ಷ. ಉಣ್ಣೆ ಬಟ್ಟೆಯ ಗಿರಣಿ, ಎಂಟು ಹುಡುಗಿಯರಿಗೆ ಒಂದು ಕೋಣೆ. ಬೆಳಗಿನ ಪಾಳಿ ಐದಕ್ಕೆ ಶುರು, ಮಧ್ಯಾಹ್ನ ಒಂದೂವರೆಗೆ ಬಿಡುಗಡೆ. ಮಗ್ಗದ ಮನೆಯಿಂದ ಹೊರಬಂದ ಮೇಲೂ ಒಂದು ಗಂಟೆ ಕಿವಿಯೊಳಗೆ ಮಗ್ಗ ಓಡುತ್ತಲೇ ಇರುತ್ತಿತ್ತು. ಎದುರಿಗಿದ್ದವರ ಮಾತಿನ ಅಕ್ಷರಗಳಿಗಿಂತ ದನಿಯ ಏರಿಳಿತವೇ ಹೆಚ್ಚು ಕೇಳಿಸುತ್ತಿತ್ತು. ಆ ಹೊತ್ತಿನಲ್ಲೇ ನಮಿಯೆ ಸಕೋದಾ ಗೋಡೆಗೆ ಒರಗಿ ಕೂತು ಓದಲು ಶುರುಮಾಡುತ್ತಿದ್ದಳು.

ನಮಿಯೆ ದಕ್ಷಿಣದ ತುದಿಯ ಕಾಗೊಶಿಮಾದವಳು. ಸುಮಿನೊಗಿಂತ ಎರಡು ವರ್ಷ ದೊಡ್ಡವಳು. ಅಂಚೆಯ ಮೂಲಕ ಪ್ರೌಢಶಾಲೆಯ ಪಾಠ ಕಲಿಯುತ್ತಿದ್ದಳು. ಪಾಠದ ಜೊತೆ ತಿಂಗಳಿಗೊಂದು ಪತ್ರಿಕೆ ಬರುತ್ತಿತ್ತು. ಅವಳು ಬಾಯಿ ತೆರೆದರೆ ಕೋಣೆಯಲ್ಲಿ ನಗು. ಅವಳ ಊರಿನ ಮಾತು ಅಷ್ಟು ಬೇರೆ. ಹಾಗಾಗಿ ಮಗ್ಗದ ಬಳಿ ಅವಳು ಮಾತಾಡುತ್ತಲೇ ಇರಲಿಲ್ಲ. ಓದುವಾಗ ಮಾತ್ರ ನಾಚಿಕೆಯಿಲ್ಲ. ‘ಇಲ್ಲಿಯವರ ಹಾಗೆ ಓದು, ಅರ್ಥವಾಗಲ್ಲ’ ಎಂದು ವಾರ್ಡನ್ ಹೆಂಗಸು ಗದರಿದಾಗ, “ಪುಸ್ತಕ ನಂದು, ಬಾಯೂ ನಂದು. ಅರ್ಥ ಆಗದೋರು ಎದ್ದುಹೋಗ್ಲಿ,” ಎಂದಿದ್ದಳು. ಯಾರೂ ಎದ್ದುಹೋಗಲಿಲ್ಲ. ಆರನೇ ತರಗತಿಯ ಮಟ್ಟಕ್ಕೂ ಸರಿಯಾಗಿ ಓದಲು ಬಾರದಿದ್ದ ಸುಮಿನೊ ಅವಳ ಪಕ್ಕ ಕೂತು, ಅವಳ ಬೆರಳು ಹೋದಲ್ಲಿ ಕಣ್ಣು ಹಾಯಿಸುತ್ತ ಓದು ಕಲಿತರು.

ಆದರೆ ಈ ಕಥೆಯ ದಿನ ಸುಮಿನೊಗೆ ಜ್ವರ. ಮೂಲೆಯ ಹಾಸಿಗೆಯಲ್ಲಿ ಮಲಗಿ ಕೇಳಿದ್ದಷ್ಟೇ, ಪುಟ ಕಂಡಿರಲಿಲ್ಲ. ಕಥೆಯ ಹೆಸರು ಹಶಿ. ಹಶಿ ಎಂದರೆ ಊಟದ ಕಡ್ಡಿ. ನಕ್ಷತ್ರಗಳ ನಡುವೆ ಒಬ್ಬನೇ ಒಬ್ಬ ಕಾವಲುಗಾರ. ದಿನಕ್ಕೊಮ್ಮೆ ಭೂಮಿಯಿಂದ ಕರೆ ಬರುತ್ತದೆ: ಯಾವ ಠಾಣೆ? ಅವನು ಹೇಳುತ್ತಾನೆ: “ಹಶಿ. ವಿಶೇಷ ಏನೂ ಇಲ್ಲ.” ವರ್ಷಗಟ್ಟಲೆ ಇಷ್ಟೇ. ಒಂದು ದಿನ ಭೂಮಿಯ ಕರೆಗೆ ಮೊದಲೇ, ಆಚೆಯ ಕತ್ತಲಿನಿಂದ ಇನ್ನೊಂದು ದನಿ ಕೇಳಿಸುತ್ತದೆ: “ಹಶಿ. ವಿಶೇಷ ಏನೂ ಇಲ್ಲ.” ಸ್ವಲ್ಪ ಹೊತ್ತಿಗೆ ಭೂಮಿಯ ಕರೆ ಬರುತ್ತದೆ. ಕೇಳಿದ್ದನ್ನು ಹೇಳಬೇಕೋ ಬೇಡವೋ? ಅವನು ಎಂದಿನ ಉತ್ತರವನ್ನೇ ಕೊಡುತ್ತಾನೆ.

ಸುಮಿನೊ ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಂಡಿದ್ದರು. ಊಟದ ಕಡ್ಡಿಯಂತೆ ಸಪೂರವಾದ, ಆಕಾಶದುದ್ದದ ಗೋಪುರ. ಅದರ ತುದಿಯಲ್ಲಿ ಆ ಮನುಷ್ಯ. ಕಡ್ಡಿ ಯಾವತ್ತೂ ಜೋಡಿ ಅಲ್ಲವೇ, ಆಚೆ ಕಡೆ ಎರಡನೆಯದೂ ಇದೆ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಆಮೇಲೆ ಊಟದ ಮನೆಯಲ್ಲಿ ಹುಡುಗಿಯರು ಕಡ್ಡಿ ಎತ್ತಿಹಿಡಿದು “ಹಶಿ, ವಿಶೇಷ ಏನೂ ಇಲ್ಲ!” ಎಂದು ಕೂಗುವುದು ಒಂದು ಆಟವಾಯಿತು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ನಮಿಯೆ. ಮರುವರ್ಷ ಅವಳಪ್ಪ ಹಾಸಿಗೆ ಹಿಡಿದನೆಂದು ಊರಿಗೆ ಹೋದಳು. ಎರಡು ಕಾಗದ ಬಂದವು, ಮೂರನೆಯದು ಬರಲಿಲ್ಲ.

ಸುಮಿನೊ ಇದೇ ಊರಿನಲ್ಲಿ ಮದುವೆಯಾಗಿ, ರಫೂ ಕೆಲಸ ಕಲಿತು, ಅಂಗಡಿ ಇಟ್ಟರು. ಕೋಟಿನ ತೂತಿಗೆ ಅದೇ ಕೋಟಿನ ಒಳಮಡಿಕೆಯಿಂದ ಎಳೆ ತೆಗೆದು, ನೇಯ್ಗೆಯ ಮೇಲೆ ನೇಯ್ಗೆ ಕೂರಿಸಿ, ತೂತಿತ್ತೆಂದೇ ಗೊತ್ತಾಗದ ಹಾಗೆ ಮಾಡುವ ಕೆಲಸ. ಈಗ ಎಪ್ಪತ್ತು. ಕೈ ನಡುಗುವುದಿಲ್ಲ. ಐವತ್ತೊಂಬತ್ತರಲ್ಲಿ ಗಿರಾಕಿಯೊಬ್ಬರ ಕೋಟಿನ ಜೇಬಿನಲ್ಲಿ ಬಳಗದ ಪತ್ರಿಕೆ ಸಿಕ್ಕಿ, ಅಂಕಣ ಓದಿ, ಗೋಪುರದ ಸಮೇತ ಕಥೆಯನ್ನು ಬರೆದು ಕಳಿಸಿದ್ದರು. ಅದೇ ಪ್ರಶ್ನೆ 41. ಬಳಗದವರು ಹೊಟ್ಟೆ ಹಿಡಿದು ನಕ್ಕರು. “ಊಟದ ಕಡ್ಡಿ ಬಾಹ್ಯಾಕಾಶಕ್ಕೆ ಹೋಗಿತ್ತಾ? ಅನ್ನದ ಬಟ್ಟಲು ಯಾವ ಗ್ರಹದಲ್ಲಿತ್ತಮ್ಮಾ?” ಆ ಕಾಲದಲ್ಲಿ ಅಂಥ ಗೋಪುರದ ಕಥೆ ಇಲ್ಲಿ ಯಾರೂ ಬರೆದಿರಲಿಲ್ಲ, ಆಮೇಲೆ ಟಿವಿಯಲ್ಲಿ ನೋಡಿದ್ದನ್ನು ಸೇರಿಸಿಕೊಂಡಿದ್ದೀರಿ ಎಂದರು ಮೇಷ್ಟ್ರು. ಸುಮಿನೊ ಅಂದಿನಿಂದ ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ. ನಗುವವರ ಎದುರಿಗೇ ಕೂರಬೇಕು ಎಂಬುದು ಅವರ ಹಟ.

ಸೋಮವಾರ, ಮಂಗಳವಾರ ಗ್ರಂಥಾಲಯದಲ್ಲಿ ಕಳೆದವು. ‘ಕಡ್ಡಿ’ ಎಂದು ಹುಡುಕಿದರೆ ಅಡುಗೆ, ಮರಗೆಲಸ, ಊಟದ ಶಿಷ್ಟಾಚಾರ. ಗುರುವಾರ ದಾರ ತರಲು ಹೋದಾಗ ರೈಲು ನಿಲ್ದಾಣದ ಕಟ್ಟಡದಲ್ಲಿ ಕಾಗೊಶಿಮಾದ ತಿಂಡಿಗಳ ಮಾರಾಟ ನಡೆದಿತ್ತು. ಗೆಣಸಿನ ಹಿಟ್ಟಿನ ಬಿಳೀ ಕಡುಬಿನ ದಿಮ್ಮಿಯನ್ನು ಕೊಯ್ಯುತ್ತಿದ್ದ ಹೆಂಗಸು ಸುಮಿನೊ ನಿಂತದ್ದು ನೋಡಿ ಕೂಗಿದಳು.

“ಅಕ್ಕಾ, ರುಚಿ ನೋಡಿ. ಹಶಿ, ಬೇಕಾ?”

“ಕಡ್ಡಿ ಯಾಕಮ್ಮಾ, ಕೈಯಲ್ಲೇ ತಿಂತೀನಿ.”

ಹೆಂಗಸು ಚೂರಿ ಕೆಳಗಿಟ್ಟು ನಕ್ಕಳು. “ಕಡ್ಡಿ ಅಲ್ಲಕ್ಕಾ! ಅಂಚು, ಅಂಚು! ಕಡುಬಿನ ಅಂಚಿನ ತುಂಡು. ಇಲ್ಲಿಗೆ ಬಂದಾಗೆಲ್ಲ ಇದೇ ಪಜೀತಿ ನೋಡಿ. ನಮ್ಮೂರ ಅಂಚು ನಿಮ್ಮೂರಲ್ಲಿ ಕಡ್ಡಿ ಆಗೋಗತ್ತೆ.”

“ಇನ್ನೊಂದ್ಸಲ ಹೇಳು.”

“ಏನ್ನ?”

“ಅದೇ. ಅಂಚು ಅನ್ನೋದನ್ನ. ನಿಮ್ಮೂರಲ್ಲಿ ಹೇಳೋ ಹಾಗೇ.”

“ಹಶಿ.”

ಸುಮಿನೊ ಕಡುಬಿನ ತುಂಡನ್ನು ಕೈಯಲ್ಲಿ ಹಿಡಿದೇ ನಿಂತರು. ಹಶಿ ಎಂಬುದು ಕಡ್ಡಿಯೂ ಹೌದು, ಅಂಚೂ ಹೌದು. ದನಿ ಮೊದಲ ಅಕ್ಷರದಲ್ಲಿ ಏರಿದರೆ ಕಡ್ಡಿ, ಎರಡನೆಯದರಲ್ಲಿ ಏರಿದರೆ ಅಂಚು. ಇದು ಇಲ್ಲಿಯ ಲೆಕ್ಕ. ಕಾಗೊಶಿಮಾದಲ್ಲಿ ಅದು ತಿರುಗಾಮುರುಗಾ. ಐವತ್ತು ವರ್ಷದ ಹಿಂದಿನ ಆ ಮಧ್ಯಾಹ್ನ ನಮಿಯೆಯ ದನಿ ಏರಿದ್ದು ಮೊದಲ ಅಕ್ಷರದಲ್ಲಿ. ಅವನು ಕಡ್ಡಿಯ ಮೇಲೆ ನಿಂತಿರಲೇ ಇಲ್ಲ. ಆಕಾಶದ ಅಂಚಿನಲ್ಲಿ ನಿಂತಿದ್ದ. ಆಚೆಯ ದನಿಗೂ ಅದೇ ಜಾಗ ಅಂಚು. ಊಟದ ಮನೆಯಲ್ಲಿ ನಮಿಯೆ ಅಷ್ಟು ನಕ್ಕದ್ದು, ಹುಡುಗಿಯರು ಬೇಕೆಂದೇ ಮಾತು ತಿರುಚಿ ಆಟ ಕಟ್ಟಿದ್ದಾರೆಂದುಕೊಂಡು.

ದಾರ ಕೊಳ್ಳದೆ ಅವರು ನೇರ ಮೇಷ್ಟ್ರ ಮನೆಗೆ ಹೋದರು. ವಿಷಯ ಕೇಳಿದ ಮೇಷ್ಟ್ರು ‘ಹ’ ಪೆಟ್ಟಿಗೆ ತೆಗೆದು, ಬೆರಳು ಒದ್ದೆ ಮಾಡಿಕೊಂಡು ಕಾರ್ಡು ಸರಿಸಿದರು.

“ಇಲ್ಲಮ್ಮಾ. ಹಶಿ ಅನ್ನೋ ಹೆಸರಲ್ಲಿ ಅಂಚೂ ಇಲ್ಲ. ಹಶಿ ಅಂದ್ರೆ ಸೇತುವೇನೂ ಆಗತ್ತೆ, ಅದೂ ಇಲ್ಲ. ನಾನು ಹೇಳಲಿಲ್ವಾ?”

“ಅಂಚು ಅಂತ ಬರೆಯೋದು ಒಂದೇ ಚೀನೀ ಅಕ್ಷರ, ಅದನ್ನ ಒಬ್ಬೊಬ್ರು ಒಂದೊಂದು ಥರ ಓದ್ತಾರಲ್ಲ?”

“ಓದ್ತಾರೆ. ಹಜಿ ಅಂತಾರೆ, ಹತಾ ಅಂತಾರೆ. ತನ್ ಅಂತಾನೂ ಓದಬಹುದು.”

“ಕಾರ್ಡು ಬರೆಯುವಾಗ ನೀವು ಹೇಗೆ ಓದಿದ್ರಿ?”

ಮೇಷ್ಟ್ರು ಮತ್ತೆ ಪೆಟ್ಟಿಗೆಗೆ ಕೈ ಹಾಕಿದರು. ಹಜಿ ನೋಡಿದರು, ಹತಾ ನೋಡಿದರು. ಆಮೇಲೆ ಸ್ಟೂಲು ಹತ್ತಿ ಮೇಲಿನ ಸಾಲಿನಿಂದ ‘ತ’ ಪೆಟ್ಟಿಗೆ ಇಳಿಸಿದರು. ನಾಲ್ಕನೆಯದೋ ಐದನೆಯದೋ ಕಾರ್ಡಿನಲ್ಲಿ ಅವರ ಬೆರಳು ನಿಂತಿತು. ಅವರದೇ ಕೈಬರಹ. ಒಂದೇ ಅಕ್ಷರದ ಶೀರ್ಷಿಕೆ, ಅಂಚೆ ಪಾಠಗಳ ಮಾಸಪತ್ರಿಕೆಯೊಂದರ ಹೆಸರು, 1965ರ ಜೂನ್. ಕೆಳಗೆ ಸಣ್ಣದಾಗಿ: ‘ವಿಷಯಸೂಚಿ ಮಾತ್ರ ಸಿಕ್ಕಿದೆ. ಕಥೆ ನೋಡಿಲ್ಲ.’ ಹಳೇ ಪುಸ್ತಕದಂಗಡಿಯಲ್ಲಿ ಹರಿದ ಹಾಳೆಯೊಂದನ್ನು ಕಂಡು ನಕಲು ಮಾಡಿಕೊಂಡಿದ್ದರು. ಮೂವತ್ತೈದು ವರ್ಷದಿಂದ ಅದು ಅಲ್ಲೇ ಇತ್ತು.

“ತನ್ ಅಂತ ಇಟ್ಟುಬಿಟ್ಟಿದೀನಿ,” ಎಂದರು ಮೇಷ್ಟ್ರು.

“ಹೂಂ. ನಿಮ್ಮ ಪೆಟ್ಟಿಗೆಯಲ್ಲಿ ಇಲ್ಲದ್ದು ಜಪಾನಲ್ಲಿ ಇಲ್ಲ ಅಲ್ವಾ?”

“ನೀವೂ ಕಡ್ಡಿ ಅಂದ್ರಲ್ಲ! ಹನ್ನೊಂದು ವರ್ಷ ಕಡ್ಡಿ ಕಡ್ಡಿ ಅಂತ ನನ್ನನ್ನ...”

“ನಾನು ಕೇಳಿದ್ದು ಹಶಿ ಅಂತ, ಹೇಳಿದ್ದೂ ಹಶಿ ಅಂತ. ಅವಳು ಓದಿದ್ದೂ ಹಶಿ ಅಂತ. ಬೇರೆ ಥರ ಓದಿದೋರು ನೀವೊಬ್ರೇ.”

ಶುಕ್ರವಾರ ಇಬ್ಬರೂ ನಗೋಯಾದ ದೊಡ್ಡ ಗ್ರಂಥಾಲಯಕ್ಕೆ ಹೋದರು. ಗೋದಾಮಿನಿಂದ ಪತ್ರಿಕೆಯ ಸಂಪುಟ ಬಂತು. ಆರು ಪುಟದ ಕಥೆ. ಶೀರ್ಷಿಕೆಯ ಅಕ್ಷರದ ಪಕ್ಕದಲ್ಲಿ, ವಿದ್ಯಾರ್ಥಿಗಳಿಗೆಂದು, ಉಚ್ಚಾರ ಸಣ್ಣದಾಗಿ ಅಚ್ಚಾಗಿತ್ತು: ಹಶಿ. ಠಾಣೆ, ಕರೆ, ಆಚೆಯ ದನಿ, ಕೊನೆಯ ಉತ್ತರ ಎಲ್ಲವೂ ಸುಮಿನೊ ಬರೆದು ಕಳಿಸಿದ ಹಾಗೆಯೇ. ಗೋಪುರ ಮಾತ್ರ ಇರಲಿಲ್ಲ. ಕಾವಲುಗಾರ ನೀಲಿ ತೇಪೆಯ ಕೋಟು ತೊಟ್ಟಿದ್ದನೆಂದೂ ಅವರು ತಮ್ಮ ಪ್ರಶ್ನೆಯಲ್ಲಿ ಬರೆದಿದ್ದರು. ಮೇಷ್ಟ್ರು ಅದನ್ನು ಹಿಡಿದರು.

“ಇಲ್ಲಿ ನೋಡಿ, ‘ಹರಿದ ಕೋಟು’ ಅಂತಷ್ಟೇ ಇದೆ. ತೇಪೆ ಎಲ್ಲಿದೆ?”

“ಹರಿದಿತ್ತಲ್ಲ. ಐವತ್ತು ವರ್ಷ ಹಾಗೇ ಬಿಡೋಕಾಗತ್ತಾ? ನಾನೇ ಹಾಕಿದೆ.”

ಮೇಷ್ಟ್ರು ಗ್ರಂಥಾಲಯವೆಂಬುದನ್ನೂ ಮರೆತು ಜೋರಾಗಿ ನಕ್ಕರು. ಆದರೆ ರೈಲಿನಲ್ಲಿ ಬರುವಾಗ ಅವರು ಗೀಚಿ ತೋರಿಸಿದ ಹೊಸ ಸಾಲು ಸುಮಿನೊಗೆ ಒಪ್ಪಿಗೆಯಾಗಲಿಲ್ಲ. ‘ಪ್ರಶ್ನಿಸಿದವರ ಕಿವಿಯ ತಪ್ಪು ತಿದ್ದಿದ ಮೇಲೆ, ಉಜಾಕಿಯವರ ಕಾರ್ಡುಗಳಿಂದ ಉತ್ತರ ದೊರೆಯಿತು’ ಎಂದಿತ್ತು.

“ಕಿವಿಯ ತಪ್ಪು ಹಾಕಿ, ಪರವಾಗಿಲ್ಲ. ಜೊತೆಗೆ ನಿಮ್ಮ ಕಣ್ಣಿನ ತಪ್ಪೂ ಹಾಕಿ. ಅವಳು ಕಟ್ಟಿ ಹೇಳಿದ್ಲು ಅಂತ ಬರೆದಿದ್ರಲ್ಲ, ಕಟ್ಟಿಲ್ಲ ಅಂತಾನೂ ಹಾಕಿ.”

“ಅದು ಅಚ್ಚಾಗೇ ಇಲ್ಲವಲ್ಲಮ್ಮಾ, ಕರಡು.”

“ಏಳು ಜನ ಓದಿದಾರೆ.”

ಇಚಿನೊಮಿಯಾ ಬರುವ ಹೊತ್ತಿಗೆ ಮೇಷ್ಟ್ರು ಮೂರು ಸಲ ಹೊಡೆದುಹಾಕಿ ಬರೆದಿದ್ದರು.

ಮುಂದಿನ ತಿಂಗಳ ಎರಡನೇ ಭಾನುವಾರ ಮುನ್ನೂರನೇ ಸಂಚಿಕೆಯ ನೂರಿಪ್ಪತ್ತು ಪ್ರತಿಗಳು ಕಾಫಿ ಅಂಗಡಿಯ ಮೇಜಿನ ಮೇಲಿದ್ದವು. ಅಂಚೆಗೆ ಹಾಕಲು ಲಕೋಟೆಗಳೂ ಸಿದ್ಧವಿದ್ದವು. ಸುಮಿನೊ ಅಂಕಣ ತೆರೆದರು. ‘ಪ್ರಶ್ನೆ 41. ಸಿಕ್ಕಿದೆ. ಗಿರಣಿಯ ಹುಡುಗಿಯೊಬ್ಬಳು ಓದಿದ್ದು ಅಕ್ಷರಶಃ ಸರಿ. ಕೇಳಿದವರು ಅರ್ಥ ತಪ್ಪು ಮಾಡಿಕೊಂಡರು, ಸಂಪಾದಕರು ಉಚ್ಚಾರ ತಪ್ಪು ಮಾಡಿಕೊಂಡರು.’

ಎಲ್ಲರೂ ಅವರ ಮುಖ ನೋಡುತ್ತಿದ್ದರು. ಒಬ್ಬರು ಚಪ್ಪಾಳೆಗೆಂದು ಕೈ ಎತ್ತಿಯೂ ಇದ್ದರು.

“ಗಿರಣಿಯ ಹುಡುಗಿಯೊಬ್ಬಳು ಅಂದ್ರೆ ಯಾರು?” ಎಂದು ಕೇಳಿದರು ಸುಮಿನೊ.

“ಅಯ್ಯೋ, ಅಚ್ಚಾಗಿಹೋಯ್ತಲ್ಲಮ್ಮಾ!”

“ಗಿರಣಿಯಲ್ಲಿ ಆರುನೂರು ಹುಡುಗೀರಿದ್ವಿ. ಇದನ್ನ ಓದಿದೋಳು ಒಬ್ಳೇ.”

“ನೂರಿಪ್ಪತ್ತು ಪ್ರತಿ, ಇನ್ನೇನು ಮಾಡೋಕಾಗತ್ತೆ?”

“ನೂರಿಪ್ಪತ್ತು ಏನ್ ಮಹಾ. ಒಂದು ಕೋಟಿನ ತೋಳಿಗೆ ಅದಕ್ಕಿಂತ ಜಾಸ್ತಿ ಎಳೆ ಹಾಕ್ತೀನಿ ನಾನು.” ಅವರು ಕೈಚೀಲದಿಂದ ಎಂಟು ಪೆನ್ನು ತೆಗೆದು ಮೇಜಿನ ಮೇಲೆ ಹರಡಿದರು. “ತಲೆಗೆ ಹದಿನೈದು.”

ಮೇಷ್ಟ್ರು ಕಾಫಿ ಬಟ್ಟಲು ಪಕ್ಕಕ್ಕಿಟ್ಟು ಒಂದು ಪೆನ್ನು ಎತ್ತಿಕೊಂಡರು. ಸುಮಿನೊ ಗೆಳತಿಯ ಹೆಸರನ್ನು ಚೀನೀ ಅಕ್ಷರಗಳಲ್ಲಿ ಒಂದು ಚೀಟಿಯ ಮೇಲೆ ಬರೆದು ನಡುವೆ ಇಟ್ಟರು. ‘ಹುಡುಗಿಯೊಬ್ಬಳು’ ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ನಮಿಯೆ ಸಕೋದಾ ಎಂದು ಬರೆಯುವುದು. ಮೊದಲ ಪ್ರತಿ ಮುಗಿಸಿ ಮೇಷ್ಟ್ರು ಎರಡನೆಯದಕ್ಕೆ ಕೈ ಹಾಕಿದಾಗ ಸುಮಿನೊ ತಡೆದರು.

“ಪಕ್ಕದಲ್ಲಿ ಓದೋದು ಹೇಗೆ ಅಂತಾನೂ ಸಣ್ಣಕ್ಷರದಲ್ಲಿ ಬರೀರಿ ಮೇಷ್ಟ್ರೇ. ನಿಮ್ಮಂಥೋರ ಕೈಗೆ ಸಿಕ್ಕಿದ್ರೆ ಇವಳೂ ಬೇರೆ ಪೆಟ್ಟಿಗೆ ಸೇರ್ತಾಳೆ.”

ಮೇಷ್ಟ್ರು ಮೊದಲ ಪ್ರತಿಯನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡರು.