ಇನ್ನೊಂದು ಬೂಟು

ಬಿಲ್ಯಾನಾಗೆ ಬೂಟು ತೊಡಿಸುವುದು ಅವಸರದವರ ಕೆಲಸವಲ್ಲ. ಮೊದಲು ಎಡಗಾಲು, ಆಮೇಲೆ ಬಲಗಾಲು. ಕಾಲು ಒಳಗೆ ಹೋದಮೇಲೆ ಹಿಮ್ಮಡಿಯ ಮೇಲೆ ಎರಡು ಸಲ ತಟ್ಟಬೇಕು, ಲೇಸು ಬಿಗಿಯಬೇಕು, ಆಮೇಲಷ್ಟೇ ಇನ್ನೊಂದು. ಶುರುವಾದದ್ದು ಮುಗಿಯಲೇಬೇಕು. ಅರ್ಧಕ್ಕೆ ಬಿಟ್ಟರೆ ಹುಡುಗಿ ದಿನವಿಡೀ ಅದರ ಬೆನ್ನು ಬಿಡುವುದಿಲ್ಲ. ವಯಸ್ಸು ಎಂಟು, ಆಡುವ ಮಾತು ಬೆರಳೆಣಿಕೆಯಷ್ಟು. ಅವಳ ತಾಯಿ ಸ್ಲಾವ್ಕಾ, ಊರ ಶಾಲೆಯ ಅಡುಗೆಮನೆಯಲ್ಲಿ ಕೆಲಸದವಳು, ಮೊದಮೊದಲು ಅತ್ತಳು, ಆಮೇಲೆ ಗದರಿದಳು, ಕೊನೆಗೆ ಮಗಳ ದಾರಿಗೇ ಬಂದಳು.

ಪಟ್ಟಣದ ಡಾಕ್ಟರು ಅದಕ್ಕೆ ಆಟಿಸಂ ಎಂದಿದ್ದರು. ಊರಿನವರು ಅದಕ್ಕೆ ಇಟ್ಟ ಹೆಸರುಗಳಿಗೆ ಲೆಕ್ಕವಿಲ್ಲ. ಪಕ್ಕದ ಮನೆಯ ತ್ಸೋನಾ ಅಜ್ಜಿ ಒಮ್ಮೆ ಬೇಲಿಯಾಚೆಯಿಂದ, "ಬಸುರೀಲಿ ಏನನ್ನೋ ನೋಡಿ ಹೆದರಿದ್ದೀಯಾ ಕಣೇ, ಅದಕ್ಕೇ ಹಿಂಗೆ" ಅಂದಳು. "ಹೌದಜ್ಜಿ, ಬೇಲಿ ಆಚೆ ನಿನ್ನ ಮುಖ ನೋಡಿದ್ದೆ" ಅಂದಳು ಸ್ಲಾವ್ಕಾ. ಅಂದಿನಿಂದ ಅಜ್ಜಿಯ ರೋಗಪರೀಕ್ಷೆ ನಿಂತಿತು.

ಬಾಯಿ ಮುಚ್ಚಿಸಲಾಗದವನು ಒಬ್ಬನೇ, ಮಾವ ದಿನ್ಕೋ. ಮೊಮ್ಮಗಳೆಂದರೆ ಅವನಿಗೆ ಪ್ರಾಣ, ಅದೇ ತೊಂದರೆ. ಜನವರಿಯಲ್ಲಿ ಕುರಿತುಪ್ಪಳದ ಚರ್ಮ ಹೊದ್ದು, ಕೊಂಬಿನ ಮುಖವಾಡ ತೊಟ್ಟು, ಸೊಂಟದ ಸುತ್ತ ಕೊಡದಷ್ಟು ದಪ್ಪ ಗಂಟೆ ಕಟ್ಟಿ ಮನೆಮನೆಯ ಕೆಡುಕು ಓಡಿಸುವ ಕುಕೇರಿಗಳಿಗೆ ಅವನೇ ಮುಂದಾಳು. ಪ್ರತಿ ವರ್ಷ ಆ ದಿನ ಸ್ಲಾವ್ಕಾ ಮಗಳನ್ನು ಪಟ್ಟಣದ ತಂಗಿಯ ಮನೆಗೆ ಕರೆದೊಯ್ಯುತ್ತಿದ್ದಳು. ಆ ಸಲ ಹಿಮ ಬಿದ್ದು ರಸ್ತೆ ಮುಚ್ಚಿತು. ಗಂಡ ಗಣಿಯ ಪಾಳಿಯಲ್ಲಿ ಸಿಕ್ಕಿಕೊಂಡಿದ್ದ. ಅವಳೇ ಮಾವನ ಬಳಿ ಹೋದಳು.

"ಮಾವ, ನಮ್ಮ ಮನೆ ಬಿಟ್ಟು ಮುಂದಕ್ಕೆ ಹೋಗಿ. ಅವಳಿಗೆ ಆ ಸದ್ದು ಆಗಲ್ಲ."

"ಬಿಟ್ಟ ಮನೆಗೆ ಕೆಟ್ಟದ್ದು ನುಗ್ಗುತ್ತೆ, ಮಗಳೇ."

"ನುಗ್ಲಿ, ಕಾಫಿ ಕೊಟ್ಟು ಕೂರಿಸ್ತೀನಿ. ಗಂಟೆ ಮಾತ್ರ ಬೇಡ."

ಮುದುಕ ನಕ್ಕು "ಆಯ್ತು" ಅಂದ. ಅಂದದ್ದು ಬಾಯಿ ಮಾತ್ರ. ಊರ ಗಂಟೆಗಳೆಲ್ಲ ಒಟ್ಟಿಗೆ ಬಡಿದರೆ ಮಗುವಿನ ನಾಲಿಗೆ ಕಟ್ಟಿದ ಕೆಡುಕು ಬಿಟ್ಟು ಓಡುತ್ತದೆ ಎಂದು ಅವನು ಯಾವತ್ತಿನಿಂದಲೋ ನಂಬಿದ್ದ. ಕೋಳಿಯನ್ನು ಕೇಳಿ ಯಾರು ಮಸಾಲೆ ಅರೆಯುತ್ತಾರೆ?

ಕುಕೇರಿಗಳ ದಿನ ಬೆಳಿಗ್ಗೆ ಸ್ಲಾವ್ಕಾ ಎಡಗಾಲಿನ ಲೇಸು ಬಿಗಿದು ಬಲಗಾಲಿನ ಬೂಟು ಕೈಗೆ ತೆಗೆದುಕೊಂಡಿದ್ದಳಷ್ಟೇ. ಹೊರಬಾಗಿಲು ದಢಾರನೆ ತೆರೆಯಿತು. ಹೊಸಿಲ ಮೇಲೆ ಕೊಂಬುಗಳು, ಅವುಗಳ ಹಿಂದೆ ಇನ್ನಷ್ಟು ಕೊಂಬುಗಳು, ಮನೆಯೇ ಸೀಳಿಹೋಗುವಂಥ ಸದ್ದು. ಬಿಲ್ಯಾನಾ ಕಿವಿ ಮುಚ್ಚಿಕೊಂಡು ಚೀರಿದಳು. ಸ್ಲಾವ್ಕಾ ಹಿಡಿಯುವಷ್ಟರಲ್ಲಿ ಹಿತ್ತಲ ಬಾಗಿಲಿಂದ ಆಚೆ ಓಡಿಯಾಗಿತ್ತು.

ಹಿತ್ತಲ ಕೆಳಗೆ ಹಳೆಯ ನೀರುಗಿರಣಿಯ ಕೆರೆ. ಮೇಲೆಲ್ಲ ಹೆಪ್ಪುಗಟ್ಟಿತ್ತು. ದಡದ ಹತ್ತಿರ ಮಂಜುಗಡ್ಡೆ ಗಟ್ಟಿ, ತೂಬಿನ ಕಡೆ ಅಡಿಯಲ್ಲಿ ನೀರು ಹರಿಯುವುದರಿಂದ ಗಾಜಿನಷ್ಟು ತೆಳು. ಇದು ಊರಲ್ಲಿ ಎಲ್ಲರಿಗೂ ಗೊತ್ತು, ಬಿಲ್ಯಾನಾ ಒಬ್ಬಳನ್ನು ಬಿಟ್ಟು.

ಸ್ಲಾವ್ಕಾ ದಡ ಮುಟ್ಟುವಾಗ ಹುಡುಗಿ ಕೆರೆಯ ನಡುವೆ ನಿಂತಿದ್ದಳು, ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ. ಗಂಡಸರು ಗಾಬರಿಯಿಂದ ಹಿಂದೆಯೇ ಓಡಿಬಂದರು. ಪಾಪ, ಸಹಾಯಕ್ಕೇ. ಆದರೆ ಅವರು ಓಡಿದಷ್ಟೂ ಗಂಟೆ ಬಡಿಯಿತು, ಗಂಟೆ ಬಡಿದಷ್ಟೂ ಹುಡುಗಿ ತೂಬಿನ ಕಡೆಗೆ ಸರಿದಳು. ಎಲ್ಲೋ ಅಡಿಯಲ್ಲಿ ಮಂಜುಗಡ್ಡೆ ಲಟ್ಟೆಂದಿತು.

ಕಿರುಚಬೇಕೆನಿಸಿತು. ಕಿರುಚಿದರೆ ಅದೂ ಸದ್ದೇ. ಸ್ಲಾವ್ಕಾ ಮಾವನ ಎದುರು ಹೋಗಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಗಂಟೆ ನಿಲ್ಸಿ."

"ಊರ ಚೌಕ ಮುಟ್ಟೋ ತನಕ ನಿಲ್ಸೋ ಹಾಗಿಲ್ಲ ಕಣಮ್ಮಾ. ನಿಂತ್ರೆ ವರ್ಷವಿಡೀ ಊರಿಗೆ..."

"ಊರಿನ ವರ್ಷ ಆಮೇಲೆ ನೋಡೋಣ. ನನ್ನ ಮಗಳಿಗೆ ಈ ಗಳಿಗೆ ದಾಟ್ಬೇಕು."

ದಿನ್ಕೋ ಮುಖವಾಡ ತೆಗೆದ. ಮುಖ ಸುಣ್ಣದಂತಾಗಿತ್ತು. ಸುಮ್ಮನೆ ನಿಂತರೂ ಉಸಿರಿಗೇ ಗಂಟೆ ಅಲುಗುತ್ತಿತ್ತು, ಬೆಲ್ಟು ಬಿಚ್ಚಿದರೆ ಇನ್ನೂ ಹೆಚ್ಚು. ಬೇರೇನೂ ತೋಚದೆ ಮುದುಕ ಗಂಟೆಗಳನ್ನು ತಬ್ಬಿಕೊಂಡು ಹಿಮದಲ್ಲಿ ಮಂಡಿಯೂರಿದ. ಸೊಂಟದವರೆಗೂ ಹೂತುಹೋದ. ಅವನ ಗಂಟೆಗಳು ಹಿಮ ತುಂಬಿಕೊಂಡು ಮೂಕವಾದವು. ಅದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಕುಸಿದರು.

ಸ್ಲಾವ್ಕಾ ಮಗಳ ಹೆಸರು ಹಿಡಿದು ಕರೆಯಲಿಲ್ಲ. ಕರೆದರೆ ಅವಳು ದೂರವೇ ಹೋಗುವವಳು. ದಡದಲ್ಲಿ ಕೂತು ಬೂಟು ಮುಂದಿಟ್ಟಳು, ಲೇಸು ಸಡಿಲಿಸಿದಳು, ಕಣ್ಣು ಬೂಟಿನ ಮೇಲೇ ಇಟ್ಟು ದಿನವೂ ಅಡುಗೆಮನೆಯಲ್ಲಿ ಹೇಳುವ ದನಿಯಲ್ಲೇ ಹೇಳಿದಳು: "ಬಲಗಾಲು."

ಏನೂ ಆಗಲಿಲ್ಲ. ತಲೆ ಎತ್ತಿ ನೋಡಬೇಕೆಂದು ಜೀವ ಹೊಡೆದುಕೊಂಡಿತು. ಎತ್ತಲಿಲ್ಲ.

"ಬಲಗಾಲು."

ಕಾಲುಚೀಲ ಮಂಜುಗಡ್ಡೆಯ ಮೇಲೆ ಉಜ್ಜುವ ಸದ್ದು ಕೇಳಿತು. ಒಂದು ಹೆಜ್ಜೆ, ಇನ್ನೊಂದು. ಹಿಂದೆ ಯಾರದೋ ಗಂಟೆ ಟಿಣ್ ಎಂದಿತು, ಹೆಜ್ಜೆ ನಿಂತಿತು. ಗಂಟೆಯವನು ಅದರ ಮೇಲೆ ಬೋರಲು ಬಿದ್ದ. ಮಂಜುಗಡ್ಡೆ ನರಳುತ್ತಲೇ ಇತ್ತು. ಸ್ಲಾವ್ಕಾ ಮೂರನೇ ಸಲ ಹೇಳುವ ಹೊತ್ತಿಗೆ ಒದ್ದೆ ಕಾಲೊಂದು ಅವಳ ಮಡಿಲಿಗೆ ಬಂತು.

ಕಾಲುಚೀಲ ಬಿಚ್ಚಲು ಧೈರ್ಯವಾಗಲಿಲ್ಲ. ಹಾಗೆಯೇ ತೊಡಿಸಿ ಹಿಮ್ಮಡಿಯ ಮೇಲೆ ಎರಡು ಸಲ ತಟ್ಟಿದಳು. ಲೇಸು ಬಿಗಿಯಲು ಬಹಳ ಹೊತ್ತು ಹಿಡಿಯಿತು. ಬಿಲ್ಯಾನಾ ಮಾತ್ರ ಸಾವಕಾಶವಾಗಿ ಕಾದಳು.

ಮಗಳನ್ನು ಎತ್ತಿಕೊಂಡು ಹೊರಟಾಗ ದಿನ್ಕೋ, "ಸ್ಲಾವ್ಕಾ, ನಾನು ಅವಳ ಒಳ್ಳೇದಕ್ಕೇ..." ಎಂದು ಪಿಸುಗುಟ್ಟಿದ.

"ಗೊತ್ತು ಮಾವ. ನಾವು ಬಾಗಿಲು ಹಾಕ್ಕೊಳ್ಳೋ ತನಕ ಏಳ್ಬೇಡಿ."

ಮನೆಯಲ್ಲಿ ಒಲೆ ಉರಿಯುತ್ತಿತ್ತು. ಒಣ ಕಾಲುಚೀಲ, ಬಿಸಿ ಚಹಾ. ಬಿಲ್ಯಾನಾ ನೆಲದ ಮೇಲೆ ಪಾತ್ರೆಯ ಮುಚ್ಚಳ ತಿರುಗಿಸುತ್ತಾ ಕೂತಳು. ಹೊರಗೆ ಸದ್ದೇ ಇಲ್ಲ. ಸ್ಲಾವ್ಕಾ ಕಿಟಕಿಗೆ ಬಂದು ನೋಡಿದಳು. ಅಷ್ಟೂ ಗಂಡಸರು ಹಿಮದಲ್ಲಿ ಇನ್ನೂ ಮಂಡಿಯೂರಿಯೇ ಇದ್ದರು. ಬಾಗಿಲು ಮುಚ್ಚಿದ್ದು ಅವರಿಗೆ ಕಂಡಿತ್ತು. ಆದರೆ ಎದ್ದರೆ ಗಂಟೆ ಬಡಿಯುತ್ತದಲ್ಲ, ಏಳಲು ಹೆದರಿ ಕೂತಿದ್ದರು. ಮುಂದೆ ದಿನ್ಕೋ, ಬರಿದಲೆಯಲ್ಲಿ, ಈ ಕಿಟಕಿಯನ್ನೇ ನೋಡುತ್ತಿದ್ದ.

ಕೈ ಬೀಸಿ ಸಾಕು ಏಳಿ ಎನ್ನಬಹುದಿತ್ತು. ಇನ್ನೂ ಸ್ವಲ್ಪ ಹೊತ್ತು ಹಾಗೇ ಇರಲಿ ಎಂದುಕೊಂಡು ಸ್ಲಾವ್ಕಾ ಪರದೆ ಎಳೆದಳು.