ಕಾರಣದ ಮೇಷ್ಟ್ರು
ಸಂಖ್ಯಾಶಾಸ್ತ್ರದ ಆ ಪ್ರೊಫೆಸರರನ್ನು ಇಡೀ ವಿಭಾಗ ‘ಕಾರಣದ ಮೇಷ್ಟ್ರು’ ಎನ್ನುತ್ತಿತ್ತು. ಯಾವುದರಿಂದ ಯಾವುದಾಯಿತೆಂದು ಪತ್ತೆಹಚ್ಚುವುದರಲ್ಲೇ ಅವರ ಮೂವತ್ತು ವರ್ಷ ಸವೆದಿತ್ತು. ಯಾರಾದರೂ ಫ್ಯಾನಿನ ಗಾಳಿಗೆ ನೆಗಡಿಯಾಯಿತು ಎಂದರೆ ಸಾಕು, “ಅದೇ ಫ್ಯಾನ್ ಕೆಳಗೆ ಕೂತು ನೆಗಡಿ ಆಗದವರು ಎಷ್ಟು ಜನ, ಹೇಳಿ?” ಎಂದು ಬೆನ್ನು ಹತ್ತುತ್ತಿದ್ದರು. ಸೀನು ಬಂದವರು ಅವರನ್ನು ಕಂಡರೆ ಮೂಗು ಮುಚ್ಚಿಕೊಂಡು ದಾರಿ ಬದಲಿಸುತ್ತಿದ್ದರು. ಹೃದಯದ ಒಂದು ಆಪರೇಷನ್ ಜೀವ ಉಳಿಸುತ್ತದೆಂಬ ತಮ್ಮದೇ ಸಂಶೋಧನೆಯನ್ನು ನಂಬಿ, ಹೆದರಿದ್ದ ಹೆಂಡತಿಯನ್ನು ಅದಕ್ಕೆ ಒಪ್ಪಿಸಿದರು. ಆಕೆ ಮೂರನೇ ದಿನ ತೀರಿಕೊಂಡಳು. “ಅಪ್ಪಾ, ಆಪರೇಷನ್ ಮಾಡಿಸದೇ ಇದ್ದಿದ್ರೆ ಅಮ್ಮ ಉಳೀತಿದ್ಲಾ?” ಎಂದಳು ಮಗಳು. “ಸಾವಿರ ಜನರದ್ದಾದ್ರೆ ಹೇಳ್ತೀನಮ್ಮ. ಒಬ್ಬಳದ್ದು ಯಾರಿಗೂ ಗೊತ್ತಾಗಲ್ಲ.” ಉತ್ತರ ಸರಿಯಾಗಿಯೇ ಇತ್ತು. ತರಗತಿಯಲ್ಲಿ ಈಗಲೂ ಅದನ್ನೇ ಕಲಿಸುತ್ತಾರೆ. ಆ ಪಾಠ ಮುಗಿಯುವವರೆಗೆ ಮಾತ್ರ ಬೋರ್ಡಿನಿಂದ ಈಚೆಗೆ ತಿರುಗುವುದಿಲ್ಲ.